ಅಂತರಂಗಶುದ್ಧಿ ಮತ್ತು ಕರ್ಮ: ಮಾರಿಸ್ ಫ್ರೀಡ್‌ಮನ್ ಅವರ ಜೀವನಪಥ

ಅಂತರಂಗಶುದ್ಧಿ ಮತ್ತು ಬಹಿರಂಗಶುದ್ಧಿಗಳ ಸಂಬಂಧವು ಕನ್ನಡದ ಅನುಭಾವಸಾಹಿತ್ಯದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿರುವ ವಿಷಯ. ಹನ್ನೆರಡನೆಯ ಶತಮಾನದ ಶರಣರು ಇವೆರಡನ್ನು ಬೇರ್ಪಡಿಸದೆ ಕಾಯಕದಲ್ಲಿ ಅವುಗಳ ಕೂಡುದಾಣವನ್ನು ಕಂಡರು. ಧ್ಯಾನವೆಂದರೆ ಲೋಕವ್ಯವಹಾರದಿಂದ ಹಿಂದೆ ಸರಿಯುವುದೋ ಅಥವಾ ಲೋಕವ್ಯವಹಾರವನ್ನೇ ಒಳಗಿನಿಂದ ತೊಳೆಯುವುದೋ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಯಹೂದಿ ಧರ್ಮದ ಸಾಧನಾಪರಂಪರೆಯನ್ನೂ ಇದೇ ಪ್ರಶ್ನೆ ಶತಮಾನಗಳ ಕಾಲ ಕಾಡಿದೆ. ಆ ಪರಂಪರೆಯ ನೆಲದಲ್ಲಿ ಹುಟ್ಟಿ ಬೆಂಗಳೂರಿಗೆ ಬಂದು ತಮ್ಮ ಬದುಕಿನುದ್ದಕ್ಕೂ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಮಾರಿಸ್ ಫ್ರೀಡ್‌ಮನ್ (1901–1976). ರಮಣ ಮಹರ್ಷಿಗಳ ಮತ್ತು ನಿಸರ್ಗದತ್ತ ಮಹಾರಾಜರ ಬೋಧೆಗಳನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಅವರ ಹೆಸರು ಪರಿಚಿತ. ಗಾಂಧೀಜಿಯವರ ಆಶ್ರಮವಲಯದಲ್ಲಿ ಅವರು ಭಾರತಾನಂದರೆಂದು ಹೆಸರಾಗಿದ್ದರು. ಆದರೆ ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯ ಭಾಗವಾಗಿ ಅವರನ್ನು ನೋಡಿದ್ದು ಕಡಿಮೆ. ಅವರ ಜೀವನದ ಮುಖ್ಯ ತಿರುವುಗಳಲ್ಲಿ ಹಲವು ಈ ನಾಡಿನೊಂದಿಗೆ ಹೆಣೆದುಕೊಂಡಿರುವುದರಿಂದ ಆ ನೋಟವು ಅಗತ್ಯವಾಗಿದೆ.

1. ವಾರ್ಸಾ: ಹುಟ್ಟಿದ ನೆಲ

ಫ್ರೀಡ್‌ಮನ್ ಅವರು 1901ರಲ್ಲಿ ಪೋಲೆಂಡಿನ ವಾರ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಆಗ ಆ ನಗರವು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಯೂರೋಪಿನ ಅತ್ಯಂತ ದೊಡ್ಡ ಯಹೂದಿ ಸಮುದಾಯಗಳಲ್ಲೊಂದು ಅಲ್ಲಿ ನೆಲೆಸಿತ್ತು. ಬಡತನದ ಬಾಲ್ಯ, ಹೀಬ್ರೂ ಸೇರಿದಂತೆ ಹಲವು ಭಾಷೆಗಳ ಕಲಿಕೆ, ಯಂತ್ರಗಳಲ್ಲಿ ಅಸಾಧಾರಣ ಆಸಕ್ತಿ ಇವು ಅವರ ಎಳವೆಯ ಬಗ್ಗೆ ಒಡನಾಡಿಗಳ ನೆನಪುಗಳಿಂದ ತಿಳಿದುಬರುವ ಸಂಗತಿಗಳು. ಮುಂದೆ ಅವರು ವಿದ್ಯುತ್ ಎಂಜಿನಿಯರಾದರು.

ಅವರು ಹುಟ್ಟಿದ ಪರಿಸರದಲ್ಲಿ ಶುದ್ಧಿ ಎಂಬ ಮಾತಿಗೆ ಎರಡು ನೆಲೆಗಳಿದ್ದವು. ಆಹಾರ, ಸ್ನಾನ, ಸಬ್ಬತ್ ಮುಂತಾದ ಆಚಾರಗಳಿಗೆ ಸಂಬಂಧಿಸಿದ ಬಾಹ್ಯಶುದ್ಧಿ ಒಂದು. ಸಂಕಲ್ಪಕ್ಕೆ ಸಂಬಂಧಿಸಿದ ಆಂತರಿಕ ಶುದ್ಧಿ ಇನ್ನೊಂದು. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನಲ್ಲಿದ್ದ ಬಹ್ಯಾ ಇಬ್ನ್ ಪಕೂದಾ ಎಂಬ ಚಿಂತಕರು ಅರಬ್ಬೀ ಭಾಷೆಯಲ್ಲಿ ಬರೆದ, ಮುಂದಿನ ಶತಮಾನದಲ್ಲಿ ಹೀಬ್ರೂವಿಗೆ ಅನುವಾದಗೊಂಡ ಗ್ರಂಥವು ಅಂಗಾಂಗಗಳ ಕರ್ತವ್ಯಗಳನ್ನು ಮತ್ತು ಹೃದಯದ ಕರ್ತವ್ಯಗಳನ್ನು ಬೇರೆ ಬೇರೆಯಾಗಿ ವಿಂಗಡಿಸುತ್ತದೆ. ದೇಹವು ಮಾಡುವ ಆಚಾರಗಳ ಬಗ್ಗೆ ಗ್ರಂಥಗಳು ಬೇಕಾದಷ್ಟಿದ್ದರೂ ಹೃದಯವು ಮಾಡಬೇಕಾದ ಕೆಲಸದ ಬಗ್ಗೆ ಬರೆದವರು ವಿರಳ ಎಂಬ ಕೊರಗು ಆ ಕೃತಿಯ ಪ್ರೇರಣೆ. ಪ್ರತಿದಿನ ಮನಸ್ಸಿನ ಲೆಕ್ಕವನ್ನು ತಾನೇ ಪರಿಶೀಲಿಸಿಕೊಳ್ಳುವ ಆತ್ಮಾವಲೋಕನಕ್ಕೆ ಅದರ ಹತ್ತು ದ್ವಾರಗಳಲ್ಲಿ ಒಂದನ್ನು ಮೀಸಲಿಡಲಾಗಿದೆ.

ಇಟಲಿಯ ಪಾದುವಾದಲ್ಲಿ 1707ರಲ್ಲಿ ಹುಟ್ಟಿದ ಮೋಶೆ ಹಯ್ಯೀಮ್ ಲುಝ್ಝಾತ್ತೋ ಅವರು ಈ ವಿಚಾರವನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. 1740ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ಅವರ ಗ್ರಂಥವು ತಾಲ್ಮುದಿನ ಪ್ರಾಚೀನ ಮಾತೊಂದನ್ನು ಆಧರಿಸಿ ಎಚ್ಚರ, ಚುರುಕು, ನಿರ್ಮಲತೆ, ವಿರಕ್ತಿ ಎಂಬ ಹಂತಗಳನ್ನು ದಾಟಿದ ಮೇಲೆ ತಹಾರಾ, ಅಂದರೆ ಶುದ್ಧಿಯನ್ನು ಇರಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಲುಝ್ಝಾತ್ತೋ ಅವರ ಪ್ರಕಾರ ವಿರಕ್ತಿಯು ಶುದ್ಧಿಗಿಂತ ಕೆಳಗಿನ ಮೆಟ್ಟಿಲು. ಬಿಟ್ಟುಬಿಡುವುದನ್ನು ಕಲಿತವನು ಆ ಬಳಿಕ ಮಾಡುವುದನ್ನು ಕಲಿಯಬೇಕು. ಮಾಡುವ ಪ್ರತಿಯೊಂದು ಕೆಲಸದಲ್ಲಿಯೂ ತನ್ನ ಲಾಭ, ತನ್ನ ಕೀರ್ತಿ, ತನ್ನ ಸುಖ ಎಂಬ ಬೆರಕೆಯನ್ನು ಸೋಸಿ ತೆಗೆಯಬೇಕು. ಊಟದಂತಹ ದೈಹಿಕ ಕ್ರಿಯೆಯೂ ಈ ಸೋಸುವಿಕೆಗೆ ಹೊರತಲ್ಲ. ಪ್ರಾರ್ಥನೆಗೂ ಕರ್ಮಕ್ಕೂ ಮುನ್ನ ಚಿತ್ತವನ್ನು ಒಂದೆಡೆ ನಿಲ್ಲಿಸುವ ಕವ್ವಾನಾ, ಏಕಾಂತದಲ್ಲಿ ಕುಳಿತು ಧ್ಯಾನಿಸುವ ಹಿತ್ಬೋದದೂತ್, ದೇವರಲ್ಲಿ ಅಂಟಿಕೊಂಡಿರುವ ದ್ವೇಕೂತ್ ಎಂಬ ಸಾಧನೆಗಳೆಲ್ಲವೂ ಈ ಸೋಸುವಿಕೆಗೆ ನೆರವಾಗುವಂಥವು. ಹದಿನೆಂಟನೆಯ ಶತಮಾನದಲ್ಲಿ ಬಾಲ್ ಶೆಮ್ ತೋವ್ ಅವರಿಂದ ಮೊದಲಾದ ಹಸಿದೀ ಪಂಥವು ಇವುಗಳನ್ನು ವಿದ್ವಾಂಸರಿಂದ ಸಾಮಾನ್ಯರ ಬಳಿಗೆ ತಂದಿತು. ಗಾಡಿ ಹೊಡೆಯುವವನ, ಚಮ್ಮಾರನ ದುಡಿಮೆಯೂ ದೇವರ ಸ್ಮರಣೆಯಾಗಬಲ್ಲದೆಂದು ಸಾರಿತು. ವಾರ್ಸಾ ಮತ್ತು ಅದರ ಸುತ್ತಲಿನ ಊರುಗಳು ಈ ಪಂಥದ ಬಲವಾದ ಕೇಂದ್ರಗಳಾಗಿದ್ದವು.

ಫ್ರೀಡ್‌ಮನ್ ಅವರು ಈ ಗ್ರಂಥಗಳ ಕ್ರಮವನ್ನು ಅನುಸರಿಸಿ ಸಾಧನೆ ಮಾಡಿದರೆಂದು ವಾದಿಸುವುದು ಸಾಧುವಲ್ಲ. ಆಚಾರಬದ್ಧ ಧರ್ಮದಿಂದ ಅವರು ಯೌವನದಲ್ಲಿಯೇ ದೂರ ಸರಿದರು. ಥಿಯಾಸಫಿಯ ಪರಿಚಯ, ಜಿಡ್ಡು ಕೃಷ್ಣಮೂರ್ತಿಯವರ ಚಿಂತನೆಯ ಸಂಪರ್ಕ ಅವರನ್ನು ಬೇರೆ ದಿಕ್ಕಿಗೆ ಒಯ್ದವು. ಆದರೆ ವಿರಕ್ತಿಯಿಂದ ಶುದ್ಧಿಗೆ, ಬಿಡುವುದರಿಂದ ಮಾಡುವುದಕ್ಕೆ ಎಂಬ ಆ ಏಣಿಯ ಕ್ರಮವನ್ನು ಅವರ ಬದುಕಿನ ಘಟ್ಟಗಳ ಪಕ್ಕದಲ್ಲಿಟ್ಟು ನೋಡಿದಾಗ ಆ ಬದುಕು ಹೆಚ್ಚು ಅರ್ಥವಾಗುತ್ತದೆ.

2. ಬೆಂಗಳೂರು: ಕಾರ್ಖಾನೆ ಮತ್ತು ಕಾವಿ

1930ರ ದಶಕದ ಮಧ್ಯಭಾಗದಲ್ಲಿ ಫ್ರೀಡ್‌ಮನ್ ಅವರು ಬೆಂಗಳೂರಿಗೆ ಬಂದರು. ಅದಕ್ಕೆ ಮೊದಲು ಅವರು ಫ್ರಾನ್ಸಿನಲ್ಲಿ ವಿದ್ಯುತ್ ಉದ್ಯಮದಲ್ಲಿದ್ದರು. ಮೈಸೂರು ಸಂಸ್ಥಾನವು ಆಗ ಕೈಗಾರಿಕೀಕರಣದ ಹುರುಪಿನಲ್ಲಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತ್ತು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸರ್ಕಾರವೇ ಹಲವು ಕಾರ್ಖಾನೆಗಳನ್ನು ನಡೆಸುತ್ತಿತ್ತು. ವಿದ್ಯುತ್ ಜಾಲ ಹಳ್ಳಿಗಳತ್ತ ಹರಡುತ್ತಿದ್ದಂತೆ ಅದಕ್ಕೆ ಬೇಕಾದ ಉಪಕರಣಗಳನ್ನು ಸಂಸ್ಥಾನದಲ್ಲಿಯೇ ತಯಾರಿಸುವ ಉದ್ದೇಶದಿಂದ ಸರ್ಕಾರಿ ವಿದ್ಯುತ್ ಕಾರ್ಖಾನೆ ಸ್ಥಾಪನೆಯಾಯಿತು. ಫ್ರೀಡ್‌ಮನ್ ಅವರು ಅದರ ಮುಖ್ಯಸ್ಥರಾದರು. ಇಂದು ಮೈಸೂರು ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುವ, ಜನರ ಬಾಯಲ್ಲಿ ಕವಿಕ ಎಂದೇ ಪ್ರಸಿದ್ಧವಾದ ಕರ್ನಾಟಕ ವಿದ್ಯುತ್ ಕಾರ್ಖಾನೆಯು ಅದರ ಮುಂದುವರಿಕೆ. ಅಂದು ನಗರದ ಪಶ್ಚಿಮಕ್ಕೆ ರಾಜಾಜಿನಗರ, ವಿಜಯನಗರಗಳೆಂಬ ಬಡಾವಣೆಗಳಿರಲಿಲ್ಲ; ಲಗ್ಗೆರೆ, ಕೆಂಗೇರಿಗಳು ಹೊಲಗದ್ದೆಗಳ ನಡುವಿನ ಊರುಗಳಾಗಿದ್ದವು.

ಕಾರ್ಖಾನೆಯ ಮುಖ್ಯಸ್ಥನ ಹುದ್ದೆಯು ಅಧಿಕಾರ, ಸಂಬಳ, ಸಾಮಾಜಿಕ ಮನ್ನಣೆ ಎಲ್ಲವನ್ನೂ ಒದಗಿಸುವಂಥದು. ಫ್ರೀಡ್‌ಮನ್ ಅವರು ಈ ಹುದ್ದೆಯಲ್ಲಿದ್ದುಕೊಂಡೇ ತಿರುವಣ್ಣಾಮಲೆಯ ರಮಣಾಶ್ರಮಕ್ಕೆ ಹೋಗಿಬರತೊಡಗಿದರು. 1935ರಿಂದ 1939ರವರೆಗಿನ ಆಶ್ರಮದ ಸಂಭಾಷಣೆಗಳ ದಾಖಲೆಯಲ್ಲಿ ಎಂಜಿನಿಯರ್ ಫ್ರೀಡ್‌ಮನ್ ಅವರ ಪ್ರಶ್ನೆಗಳು ಕಾಣಿಸಿಕೊಳ್ಳುತ್ತವೆ. ವಿದೇಶದಲ್ಲಿ ಹುಟ್ಟಿದ್ದರೂ ಆತ ಈ ನೆಲಕ್ಕೇ ಸೇರಿದವನೆಂದು ಮಹರ್ಷಿಗಳು ಭಾವಿಸಿದ್ದರೆಂಬ ನೆನಪು ಆಶ್ರಮದ ವಲಯದಲ್ಲಿ ಉಳಿದಿದೆ.

ಈ ಹಂತದಲ್ಲಿ ಅವರಿಗೆ ಸಂನ್ಯಾಸದ ಬಯಕೆ ಉಂಟಾಯಿತು. ರಮಣರು ಯಾರಿಗೂ ವಿಧಿವತ್ತಾಗಿ ಸಂನ್ಯಾಸವನ್ನು ಕೊಡುತ್ತಿರಲಿಲ್ಲ. ಮನಸ್ಸನ್ನು ಬಿಡದೆ ಮನೆಯನ್ನು ಬಿಡುವುದರಲ್ಲಿ ಅವರಿಗೆ ಅರ್ಥ ಕಾಣುತ್ತಿರಲಿಲ್ಲ. ಫ್ರೀಡ್‌ಮನ್ ಅವರು ಕಾಸರಗೋಡು ಸೀಮೆಯ ಕಾಞಂಗಾಡಿಗೆ ಹೋದರು. ಅಲ್ಲಿನ ಹೊಸದುರ್ಗದಲ್ಲಿ 1884ರಲ್ಲಿ ವಿಠ್ಠಲರಾಯರೆಂಬ ಹೆಸರಿನಿಂದ ಹುಟ್ಟಿ, ಸಂಸಾರವನ್ನು ತೊರೆದು, ರಾಮನಾಮವನ್ನೇ ಸಾಧನೆಯನ್ನಾಗಿ ಮಾಡಿಕೊಂಡ ಸ್ವಾಮಿ ರಾಮದಾಸರು 1931ರಲ್ಲಿ ಆನಂದಾಶ್ರಮವನ್ನು ಸ್ಥಾಪಿಸಿದ್ದರು. ಅವರಿಂದ ಫ್ರೀಡ್‌ಮನ್ ಅವರಿಗೆ ಕಾವಿಯೂ ಭಾರತಾನಂದ ಎಂಬ ಹೆಸರೂ ದೊರೆತವು.

ಸಂನ್ಯಾಸಿಯಾದ ಮೇಲೂ ಅವರು ಕಾರ್ಖಾನೆಯನ್ನು ಬಿಡಲಿಲ್ಲ. ತಲೆ ಬೋಳಿಸಿ ಕಾವಿಯುಟ್ಟು ಯಂತ್ರಗಳ ನಡುವೆ ಓಡಾಡುವ ಯೂರೋಪಿಯನ್ ಅಧಿಕಾರಿಯನ್ನು ಕಂಡು ಸರ್ಕಾರದ ಮೇಲಿನವರಿಗೆ ಮುಜುಗರವಾಯಿತೆಂಬುದು ಔಂಧ್ ಸಂಸ್ಥಾನದ ರಾಜಕುಮಾರ ಅಪ್ಪಾ ಪಂತ್ ಅವರ ನೆನಪುಗಳಿಂದ ತಿಳಿಯುತ್ತದೆ. ಗಣ್ಯರು ಕಾರ್ಖಾನೆಗೆ ಭೇಟಿ ಕೊಡುವ ದಿನಗಳಲ್ಲಿ ಮಾತ್ರ ಪಾಶ್ಚಾತ್ಯ ಉಡುಪು ತೊಡುವ ಒಪ್ಪಂದಕ್ಕೆ ಕೊನೆಗೆ ಬರಲಾಯಿತಂತೆ. ಸಂಬಳದಲ್ಲಿ ತಮಗೆ ಅತ್ಯಲ್ಪವನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹಂಚಿಬಿಡುತ್ತಿದ್ದರೆಂಬುದೂ ಅದೇ ನೆನಪುಗಳಲ್ಲಿದೆ.

ಈ ಪ್ರಸಂಗವನ್ನು ವಿಚಿತ್ರ ವ್ಯಕ್ತಿತ್ವದ ಸ್ವಾರಸ್ಯಕರ ಘಟನೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದರೊಳಗೆ ನಿಜವಾದ ತೊಡಕೊಂದಿದೆ. ಕಾವಿಯು ತ್ಯಾಗದ ಗುರುತು. ಅದನ್ನು ತೊಟ್ಟವನು ಕರ್ಮವನ್ನು ಬಿಡಬೇಕೆಂಬುದು ರೂಢಿ. ಕರ್ಮವನ್ನು ಬಿಡದವನಿಗೆ ಆ ಗುರುತು ಏಕೆ ಬೇಕು? ಇತರರಿಗೆ ತೋರಿಸಲೋ, ತನ್ನನ್ನು ತಾನು ಕಟ್ಟಿಹಾಕಿಕೊಳ್ಳಲೋ? ಗುರುತಿನಲ್ಲಿಯೇ ಅಹಂಕಾರವು ಅಡಗಿ ಕುಳಿತುಕೊಳ್ಳುವುದಿಲ್ಲವೇ? ಶರಣರು ವೇಷಧಾರಿಗಳನ್ನು ಕುರಿತು ಎತ್ತಿದ ಪ್ರಶ್ನೆಯೂ ಬಹ್ಯಾ ಅವರು ಅಂಗಾಂಗಗಳ ಆಚಾರವನ್ನು ಕುರಿತು ಎತ್ತಿದ ಪ್ರಶ್ನೆಯೂ ಬೆಂಗಳೂರಿನ ಕಾರ್ಖಾನೆಯ ಅಂಗಳದಲ್ಲಿ ಮತ್ತೆ ಎದ್ದು ನಿಂತವು. ಫ್ರೀಡ್‌ಮನ್ ಅವರು ಇದಕ್ಕೆ ಉತ್ತರವನ್ನು ಕಂಡುಕೊಳ್ಳಲು ವರ್ಷಗಳೇ ಬೇಕಾದವು. ಕಾಲಾಂತರದಲ್ಲಿ ಅವರು ಕಾವಿಯನ್ನು ಕಳಚಿಟ್ಟರು. ಕಳಚಿಟ್ಟ ಮೇಲೆಯೂ ಅವರ ಜೀವನದ ಸರಳತೆ ಬದಲಾಗಲಿಲ್ಲ.

3. ಪ್ರಶ್ನೋತ್ತರದ ಸಂಪಾದಕ

ರಮಣರ ಅರವತ್ತನೆಯ ಜನ್ಮದಿನದ ಸಂದರ್ಭದಲ್ಲಿ, 1939ರಲ್ಲಿ, ಆಶ್ರಮವು ಪ್ರಶ್ನೋತ್ತರರೂಪದ ಚಿಕ್ಕ ಗ್ರಂಥವೊಂದನ್ನು ಹೊರತಂದಿತು. ಇಂಗ್ಲಿಷಿನಲ್ಲಿ ಅದು ಮಹರ್ಷಿಗಳ ಸುವಾರ್ತೆ ಎಂಬ ಅರ್ಥದ ಹೆಸರನ್ನು ಹೊಂದಿದೆ. ಅದರ ಪ್ರಶ್ನೆಗಳಲ್ಲಿ ಹೆಚ್ಚಿನವು ಫ್ರೀಡ್‌ಮನ್ ಅವರವೆಂದೂ ಸಂಕಲನದ ಹೊಣೆ ಅವರದೆಂದೂ ರಮಣ ಸಾಹಿತ್ಯವನ್ನು ಬಲ್ಲವರು ಒಪ್ಪುತ್ತಾರೆ. ಆದರೆ ಕೃತಿಯ ಮುಖಪುಟದಲ್ಲಿ ಅವರ ಹೆಸರಿಲ್ಲ.

ಗ್ರಂಥದ ಅಧ್ಯಾಯಗಳ ಜೋಡಣೆಯು ಗಮನಾರ್ಹವಾಗಿದೆ. ವೇದಾಂತದ ಪ್ರವೇಶಗ್ರಂಥವೊಂದು ಸಾಮಾನ್ಯವಾಗಿ ಆತ್ಮಸ್ವರೂಪದಿಂದಲೋ ಸಾಧನಚತುಷ್ಟಯದಿಂದಲೋ ಮೊದಲಾಗುತ್ತದೆ. ಇಲ್ಲಿಯಾದರೋ ಮೊದಲನೆಯ ಅಧ್ಯಾಯವೇ ಕರ್ಮ ಮತ್ತು ತ್ಯಾಗವನ್ನು ಕುರಿತದ್ದು, ಎರಡನೆಯದು ಮೌನ ಮತ್ತು ಏಕಾಂತವನ್ನು ಕುರಿತದ್ದು, ಮನೋನಿಗ್ರಹವು ಮೂರನೆಯದು. ಆತ್ಮವಿಚಾರದ ಅಧ್ಯಾಯ ಬರುವುದು ಎರಡನೆಯ ಭಾಗದಲ್ಲಿ. ಗೃಹಸ್ಥನಿಗೆ, ಉದ್ಯೋಗಸ್ಥನಿಗೆ ಸಾಕ್ಷಾತ್ಕಾರ ಸಾಧ್ಯವೇ ಎಂಬುದು ಪುಸ್ತಕದ ಬಾಗಿಲಲ್ಲಿಯೇ ನಿಲ್ಲುವ ಪ್ರಶ್ನೆ. ಕೆಲಸವು ಬಂಧನವಲ್ಲ, ತಾನು ಮಾಡುತ್ತಿದ್ದೇನೆಂಬ ಭಾವನೆಯೇ ಬಂಧನ. ಏಕಾಂತವು ಕಾಡಿನಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬ ದಿಕ್ಕಿನಲ್ಲಿ ಮಹರ್ಷಿಗಳ ಉತ್ತರಗಳು ಸಾಗುತ್ತವೆ. ಈ ಕ್ರಮವು ತತ್ತ್ವಶಾಸ್ತ್ರದ ಒತ್ತಾಯದಿಂದ ಬಂದದ್ದಲ್ಲ. ಕಾರ್ಖಾನೆಯಿಂದ ಆಶ್ರಮಕ್ಕೆ, ಆಶ್ರಮದಿಂದ ಕಾರ್ಖಾನೆಗೆ ಓಡಾಡುತ್ತಿದ್ದ ಪೃಚ್ಛಕನ ಅಗತ್ಯದಿಂದ ಬಂದದ್ದೆಂದು ಊಹಿಸಲು ಅವಕಾಶವಿದೆ. ಹಿತ್ಬೋದದೂತ್ ಎಂಬ ಏಕಾಂತಸಾಧನೆಯು ಹೊರಗಿನ ಒಂಟಿತನವೋ, ಜನರ ನಡುವೆಯೂ ಉಳಿಯುವ ಒಳಗಿನ ಒಂಟಿತನವೋ ಎಂಬ ಚರ್ಚೆ ಯಹೂದಿ ಸಾಧಕರಲ್ಲಿಯೂ ನಡೆದಿದೆ. ಹೀಗಾಗಿ ಆ ಚಿಕ್ಕ ಪುಸ್ತಕದಲ್ಲಿ ಎರಡು ಪರಂಪರೆಗಳ ಹಳೆಯ ಪ್ರಶ್ನೆಯೊಂದು ಒಂದೇ ಉತ್ತರದ ಮುಂದೆ ನಿಂತಿದೆ ಎನ್ನಬಹುದು.

4. ಔಂಧ್ ಮತ್ತು ಸೇವಾಗ್ರಾಮ

1938ರ ಹೊತ್ತಿಗೆ ಫ್ರೀಡ್‌ಮನ್ ಅವರ ಬದುಕು ಇನ್ನೊಂದು ತಿರುವನ್ನು ಪಡೆಯಿತು. ಸಾತಾರಾ ಸೀಮೆಯ ಪುಟ್ಟ ಸಂಸ್ಥಾನವಾದ ಔಂಧ್ 72 ಹಳ್ಳಿಗಳನ್ನು ಹೊಂದಿತ್ತು. ಅದರ ಚದುರಿದ ಭೂಭಾಗಗಳಲ್ಲಿ ವಿಜಯಪುರದ ಬಳಿಯ ಕನ್ನಡ ಪ್ರದೇಶವಾದ ಗುಣದಾಳವೂ ಸೇರಿತ್ತು. ರಾಜಾ ಭವಾನರಾವ್ ಪಂತ ಪ್ರತಿನಿಧಿ ಅವರು ಸೂರ್ಯನಮಸ್ಕಾರದ ಪ್ರಚಾರಕರೆಂದು, ಚಿತ್ರಕಾರರೆಂದು ಹೆಸರಾದವರು. ಅವರ ಮಗ ಅಪ್ಪಾ ಪಂತ್ ಅವರಿಗೆ ಫ್ರೀಡ್‌ಮನ್ ಅವರಲ್ಲಿ ಗಾಢವಾದ ವಿಶ್ವಾಸವಿತ್ತು. ರಾಜನು ತನ್ನ ಅಧಿಕಾರವನ್ನು ತಾನಾಗಿಯೇ ಪ್ರಜೆಗಳಿಗೆ ಒಪ್ಪಿಸಬೇಕೆಂಬ ವಿಚಾರಕ್ಕೆ ಫ್ರೀಡ್‌ಮನ್ ಅವರು ರೂಪ ಕೊಟ್ಟರು. ರಾಜರೂ ಅಪ್ಪಾ ಪಂತರೂ ಗಾಂಧೀಜಿಯವರ ಸಲಹೆಯನ್ನು ಪಡೆದರು. 1938ರ ನವೆಂಬರಿನಲ್ಲಿ ಘೋಷಣೆಯಾಗಿ 1939ರ ಜನವರಿಯಲ್ಲಿ ಜಾರಿಗೆ ಬಂದ ಸಂವಿಧಾನವು ಗ್ರಾಮಪಂಚಾಯತಿಯನ್ನು ಆಡಳಿತದ ತಳಹದಿಯನ್ನಾಗಿ ಮಾಡಿಕೊಂಡಿತ್ತು. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಸಂಸ್ಥಾನದ ಸಭೆಗೆ ಪ್ರಾತಿನಿಧ್ಯವು ಮೇಲೇರುವ ವ್ಯವಸ್ಥೆ ಅದು. ಕರಡಿನ ರಚನೆಯಲ್ಲಿ ಫ್ರೀಡ್‌ಮನ್ ಅವರ ಪಾತ್ರ ದೊಡ್ಡದಾಗಿದ್ದರೂ ಶ್ರೇಯಸ್ಸು ರಾಜರಿಗೂ ಗಾಂಧೀಜಿಗೂ ಸಂದಿತು. ಅದಕ್ಕಾಗಿ ಅವರು ಹಂಬಲಿಸಿದ ಕುರುಹುಗಳಿಲ್ಲ.

ಔಂಧ್ ಸಂಸ್ಥಾನದ ಆಟಪಾಡಿ ಭಾಗದಲ್ಲಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯ ಪ್ರಯೋಗ ನಡೆಯಿತು. ಗಂಭೀರ ಅಪರಾಧಗಳಿಗಾಗಿ ಶಿಕ್ಷೆಗೊಳಗಾದವರು ಗೋಡೆ, ಸರಪಳಿಗಳಿಲ್ಲದೆ ತಮ್ಮ ಮಾತಿನ ಮೇಲೆಯೇ ಅಲ್ಲಿ ನೆಲೆಸಿ ಬೇಸಾಯ ಮಾಡಿದರು. ಈ ಪ್ರಯೋಗದ ಹಿಂದೆಯೂ ಫ್ರೀಡ್‌ಮನ್ ಅವರ ಪ್ರೇರಣೆ ಇತ್ತು. ವಿ. ಶಾಂತಾರಾಮ್ ಅವರ 1957ರ ಹಿಂದಿ ಚಲನಚಿತ್ರ ದೋ ಆಂಖೇಂ ಬಾರಹ್ ಹಾಥ್ ಈ ವಸ್ತುವಿನಿಂದ ಸ್ಫೂರ್ತಿ ಪಡೆದದ್ದು. ತಪ್ಪೆಸಗಿದವನು ಒಳಗಿನಿಂದ ಹಿಂದಿರುಗಿ ಬರಲು ಸಾಧ್ಯವೆಂಬ ನಂಬಿಕೆಯು ಯಹೂದಿ ಧರ್ಮದಲ್ಲಿ ತೆಶೂವಾ, ಅಂದರೆ ಮರಳುವಿಕೆ ಎಂಬ ಹೆಸರಿನಿಂದ ಕೇಂದ್ರಸ್ಥಾನವನ್ನು ಪಡೆದಿದೆ. ಗಾಂಧೀಜಿಯವರ ಹೃದಯಪರಿವರ್ತನೆಯ ಕಲ್ಪನೆಗೂ ಇದಕ್ಕೂ ಇರುವ ಹತ್ತಿರವು ಸ್ಪಷ್ಟವಾಗಿದೆ.

ಸೇವಾಗ್ರಾಮದಲ್ಲಿ ಫ್ರೀಡ್‌ಮನ್ ಅವರ ಎಂಜಿನಿಯರಿಂಗ್ ಜ್ಞಾನವು ಬಹು ಸರಳವಾದ ಸಾಧನವೊಂದರಲ್ಲಿ ಫಲಿಸಿತು. ಬಿಲ್ಲಿನ ಸಹಾಯದಿಂದ ಕದಿರನ್ನು ತಿರುಗಿಸುವ ಧನುಷ್ ತಕಲಿಯನ್ನು ಅವರು ರೂಪಿಸಿದರು. ಚರಕದಷ್ಟು ವೆಚ್ಚವಿಲ್ಲದೆ, ಸ್ಥಳೀಯವಾಗಿ ಸಿಗುವ ಸಾಮಗ್ರಿಗಳಿಂದ ಹಳ್ಳಿಯವರೇ ಅದನ್ನು ಮಾಡಿಕೊಳ್ಳಬಹುದಾಗಿತ್ತು. ಗಾಂಧೀಜಿಯವರು ಅದನ್ನು ಮೆಚ್ಚಿ ಅದರ ಬಳಕೆಯನ್ನು ಪ್ರೋತ್ಸಾಹಿಸಿದರು. ನೂಲುವುದು ಗಾಂಧೀಜಿಯವರಿಗೆ ಆರ್ಥಿಕ ಕಾರ್ಯಕ್ರಮವೂ ಹೌದು, ಏಕಾಗ್ರತೆಯ ಸಾಧನೆಯೂ ಹೌದು. ಟ್ರಾನ್ಸ್‌ಫಾರ್ಮರಿನಿಂದ ತಕಲಿಗೆ ಇಳಿದ ಎಂಜಿನಿಯರನ ಈ ನಡಿಗೆಯನ್ನು ಹಿನ್ನಡೆಯೆಂದು ಕೆಲವರು ಭಾವಿಸಿರಬಹುದು. ಕೆಲಸದ ಹಿರಿಮೆಯನ್ನು ಅದರ ಗಾತ್ರದಿಂದಲ್ಲದೆ ಅದರ ಹಿಂದಿನ ಸಂಕಲ್ಪದಿಂದ ಅಳೆಯುವ ಕಣ್ಣಿಗೆ ಅದು ಹಾಗೆ ಕಾಣುವುದಿಲ್ಲ.

ಇದೇ ವರ್ಷಗಳಲ್ಲಿ ಅವರ ಹುಟ್ಟೂರಿನ ಯಹೂದಿ ಲೋಕವು ನಾಶವಾಗುತ್ತಿತ್ತು. 1939ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಸೈನ್ಯ ಪೋಲೆಂಡಿಗೆ ನುಗ್ಗಿತು. 1940ರಲ್ಲಿ ವಾರ್ಸಾದ ಯಹೂದಿಗಳನ್ನು ಗೋಡೆಯೊಳಗಿನ ಘೆಟ್ಟೋವಿಗೆ ತಳ್ಳಲಾಯಿತು. 1942ರ ಬೇಸಿಗೆಯಲ್ಲಿ ಲಕ್ಷಾಂತರ ಮಂದಿಯನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಆ ಘೆಟ್ಟೋದೊಳಗೆ ಪಿಯಾಸೆಚ್ನೋದ ಹಸಿದೀ ಗುರು ಕಲೋನಿಮಸ್ ಕಲ್ಮನ್ ಶಪೀರಾ (1889–1943) ತಮ್ಮ ಜನರಿಗೆ ಉಪದೇಶಿಸುತ್ತಿದ್ದರು. ಯೋಚನೆಗಳ ಓಟವನ್ನು ಸಾಕ್ಷಿಯಂತೆ ನಿಂತು ನೋಡುವುದು, ಮನಸ್ಸನ್ನು ತಣಿಸುವುದು, ಆ ಶಾಂತಿಯಲ್ಲಿ ಪ್ರಾರ್ಥನೆಯ ಒಂದು ಮಾತನ್ನು ನಿಧಾನವಾಗಿ ನೆಲೆಗೊಳಿಸುವುದು ಅವರು ಕಲಿಸಿದ ಧ್ಯಾನಕ್ರಮ. ಮಗನನ್ನು ಕಳೆದುಕೊಂಡ ಮೇಲೂ ಅವರು ಉಪದೇಶವನ್ನು ನಿಲ್ಲಿಸಲಿಲ್ಲ. 1943ರ ನವೆಂಬರಿನಲ್ಲಿ ಅವರ ಹತ್ಯೆಯಾಯಿತು. ಘೆಟ್ಟೋದಲ್ಲಿ ಹೂತಿಟ್ಟಿದ್ದ ಅವರ ಬರಹಗಳು ಯುದ್ಧದ ನಂತರ ದೊರೆತು 1960ರಲ್ಲಿ ಪ್ರಕಟವಾದವು. ಒಂದೇ ನಗರದ ಈ ಇಬ್ಬರು ಸಾಧಕರ ದಾರಿಗಳು ತೀರ ಭಿನ್ನ. ಒಬ್ಬರು ತಮ್ಮ ಪರಂಪರೆಯೊಳಗೇ ನಿಂತು ತಮ್ಮ ಜನರೊಂದಿಗೆ ಅಳಿದರು. ಇನ್ನೊಬ್ಬರು ದೂರದ ದೇಶದ ಹಳ್ಳಿಗಳಲ್ಲಿ ಬೇರೆ ಹೆಸರಿನಿಂದ ದುಡಿಯುತ್ತಿದ್ದರು. ಆದರೆ ಯೋಚನೆಗಳನ್ನು ಸಾಕ್ಷಿಯಂತೆ ನೋಡಬೇಕೆಂದು ವಾರ್ಸಾದ ಗುರು ಕಲಿಸಿದ್ದು, ಯೋಚಿಸುವವನು ಯಾರೆಂದು ವಿಚಾರಿಸಬೇಕೆಂದು ತಿರುವಣ್ಣಾಮಲೆಯಲ್ಲಿ ಫ್ರೀಡ್‌ಮನ್ ಕೇಳಿದ್ದು ಒಂದಕ್ಕೊಂದು ದೂರದವಲ್ಲ.

5. ನಿರಾಶ್ರಿತರ ನಡುವೆ

ಭಾರತಕ್ಕೆ ಬಂದು ನೆಲೆಸಿದ ಪೋಲಿಷ್ ಥಿಯಾಸಫಿಸ್ಟ್ ವಾಂಡಾ ದಿನೋವ್ಸ್ಕಾ ಅವರು ಫ್ರೀಡ್‌ಮನ್ ಅವರ ನಿಕಟ ಸಹಕಾರಿ. ಗಾಂಧೀಜಿಯವರು ಆಕೆಗೆ ಉಮಾದೇವಿ ಎಂದು ಹೆಸರಿಟ್ಟಿದ್ದರು. ಇವರಿಬ್ಬರೂ 1944ರಲ್ಲಿ ಇಂಡೋ–ಪೋಲಿಷ್ ಗ್ರಂಥಮಾಲೆಯನ್ನು ಆರಂಭಿಸಿ ಭಾರತದ ಸಾಹಿತ್ಯವನ್ನು ಪೋಲಿಷ್ ಭಾಷೆಗೂ ಪೋಲೆಂಡಿನ ಸಾಹಿತ್ಯವನ್ನು ಭಾರತದ ಓದುಗರಿಗೂ ಒದಗಿಸಿದರು. ಯುದ್ಧದಿಂದ ನೆಲೆ ಕಳೆದುಕೊಂಡ ಪೋಲಿಷ್ ಓದುಗರಿಗೆ ಈ ಪುಸ್ತಕಗಳು ಮಾತೃಭಾಷೆಯ ನಂಟನ್ನು ಉಳಿಸಿಕೊಟ್ಟವು.

1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದಾಗ ಅವರ ಹಿಂದೆ ಸಾವಿರಾರು ಟಿಬೆಟನ್ನರು ಗಡಿ ದಾಟಿದರು. ನಿರಾಶ್ರಿತರ ಪುನರ್ವಸತಿಗಾಗಿ ಫ್ರೀಡ್‌ಮನ್ ಮತ್ತು ದಿನೋವ್ಸ್ಕಾ ಅವರು ದುಡಿದರು. ನೆಲೆಯೂ ಶಾಲೆಯೂ ದೊರೆಯುವಂತಾಗಲು ಪ್ರಧಾನಿ ನೆಹರೂ ಅವರನ್ನು ಒತ್ತಾಯಿಸಿದವರಲ್ಲಿ ಫ್ರೀಡ್‌ಮನ್ ಅವರೂ ಒಬ್ಬರೆಂದು ಹೇಳಲಾಗಿದೆ. ಅಂದಿನ ಮೈಸೂರು ರಾಜ್ಯವು ಭೂಮಿಯನ್ನು ನೀಡಲು ಮುಂದೆ ಬಂದದ್ದರಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ದಕ್ಷಿಣ ಭಾರತದ ಮೊದಲ ಟಿಬೆಟನ್ ವಸತಿ ತಲೆಯೆತ್ತಿತು. ದಿನೋವ್ಸ್ಕಾ ಅವರು 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ತಮ್ಮ ಜನರ ನೆಲೆ ಅಳಿದುಹೋದುದನ್ನು ದೂರದಿಂದ ಕಂಡ ವ್ಯಕ್ತಿಯೊಬ್ಬರು ಇನ್ನೊಂದು ಜನಾಂಗಕ್ಕೆ ನೆಲೆ ದೊರಕಿಸಲು ದುಡಿದದ್ದು ಈ ಜೀವನದ ಗಂಭೀರವಾದ ಅಧ್ಯಾಯ.

6. ಮುಂಬಯಿ: ಇಂಚಗೇರಿಯ ದಾರಿ

ಕೊನೆಯ ದಶಕದಲ್ಲಿ ಫ್ರೀಡ್‌ಮನ್ ಅವರು ಮುಂಬಯಿಯಲ್ಲಿದ್ದರು. ಖೇತವಾಡಿಯ ಕಿರುಮನೆಯೊಂದರ ಅಟ್ಟದಲ್ಲಿ ಬೋಧಿಸುತ್ತಿದ್ದ ನಿಸರ್ಗದತ್ತ ಮಹಾರಾಜರ (1897–1981) ಬಳಿ ಅವರು ಹೋಗತೊಡಗಿದರು. ನಿಸರ್ಗದತ್ತರು ಬೀಡಿ ಅಂಗಡಿ ನಡೆಸಿ ಸಂಸಾರ ಸಾಗಿಸಿದವರು. ಅವರಲ್ಲಿ ಕಾವಿಯೂ ಇರಲಿಲ್ಲ, ಮಠವೂ ಇರಲಿಲ್ಲ. ಕಾರ್ಖಾನೆಯಲ್ಲಿ ಕಾವಿ ತೊಟ್ಟು ತೊಡಕಿಗೆ ಸಿಲುಕಿದ್ದ ಸಾಧಕನು ಕೊನೆಗೆ ತಲುಪಿದ್ದು ಕಾವಿಯ ಅಗತ್ಯವೇ ಇಲ್ಲದ ಗುರುವಿನ ಬಳಿಗೆ.

ಕನ್ನಡದ ಸಂಶೋಧಕರಿಗೆ ಈ ಭೇಟಿಯಲ್ಲಿ ವಿಶೇಷ ಮಹತ್ವವಿದೆ. ನಿಸರ್ಗದತ್ತರ ಗುರು ಸಿದ್ಧರಾಮೇಶ್ವರ ಮಹಾರಾಜರು (1888–1936) ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠ ಸ್ಥಾಪಿಸಿದ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರು. ಭಾವೂಸಾಹೇಬರ ಗುರು ನಿಂಬರಗಿ ಮಹಾರಾಜರು. ಅವರ ಬೋಧೆಯು ಕನ್ನಡದಲ್ಲಿ ಬೋಧಸುಧೆ ಎಂಬ ಹೆಸರಿನಿಂದ ಉಳಿದಿದೆ. ಜಮಖಂಡಿಯಲ್ಲಿ ಹುಟ್ಟಿ ನಿಂಬಾಳದಲ್ಲಿ ನೆಲೆಸಿ, ಕನ್ನಡ ಅನುಭಾವಸಾಹಿತ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಮಹತ್ವದ ಗ್ರಂಥ ರಚಿಸಿದ ಗುರುದೇವ ರಾನಡೆ (1886–1957) ಅವರೂ ಭಾವೂಸಾಹೇಬರ ಶಿಷ್ಯರೇ. ಹೀಗೆ ಲಿಂಗಾಯತ, ವೈಷ್ಣವ ಧಾರೆಗಳೆರಡೂ ಬೆರೆತ ಗಡಿನಾಡಿನ ನಾಮಸ್ಮರಣೆಯ ಪರಂಪರೆಯೊಂದು ಮರಾಠಿಯ ಮೂಲಕ ಮುಂಬಯಿಗೆ ಬಂದು, ವಾರ್ಸಾದ ಯಹೂದಿಯೊಬ್ಬರ ಕೈಯಿಂದ ಇಂಗ್ಲಿಷಿಗೆ ಹೊರಳಿತು.

ನಿಸರ್ಗದತ್ತರ ಮರಾಠಿ ಸಂಭಾಷಣೆಗಳನ್ನು ಧ್ವನಿಮುದ್ರಿಸಿಕೊಂಡು ಫ್ರೀಡ್‌ಮನ್ ಅವರು ಮಾಡಿದ ಅನುವಾದವು 1973ರಲ್ಲಿ ಮುಂಬಯಿಯ ಚೇತನಾ ಪ್ರಕಾಶನದಿಂದ ಐ ಆ್ಯಮ್ ದಟ್ ಎಂಬ ಹೆಸರಿನಲ್ಲಿ ಹೊರಬಂದಿತು. ನಾನು ಇದ್ದೇನೆ ಎಂಬ ಅರಿವಿನಲ್ಲಿ ಮನಸ್ಸನ್ನು ನಿಲ್ಲಿಸುವ ಧ್ಯಾನವು ಅದರ ತಿರುಳು. ಆ ಅರಿವಿಗೆ ಹತ್ತಿಕೊಂಡ ನಾನು ಇಂಥವನು ಎಂಬ ವಿಶೇಷಣಗಳನ್ನು ಒಂದೊಂದಾಗಿ ಕಳಚುತ್ತ ಹೋಗುವುದೇ ಅಲ್ಲಿ ಶುದ್ಧೀಕರಣ. ಗ್ರಂಥದ ಕೊನೆಗೆ ಸೇರಿಸಿದ ನಿಸರ್ಗಯೋಗ ಎಂಬ ಚಿಕ್ಕ ಲೇಖನದಲ್ಲಿ ಫ್ರೀಡ್‌ಮನ್ ಅವರು ಈ ಬೋಧೆಯನ್ನು ತಮ್ಮ ಮಾತುಗಳಲ್ಲಿ ಸಂಗ್ರಹಿಸಿದ್ದಾರೆ. ಈ ಕೃತಿಯು ಜಗತ್ತಿನ ಹಲವು ಭಾಷೆಗಳಿಗೆ ಅನುವಾದಗೊಂಡು, ಮುಂಬಯಿಯ ಓಣಿಯೊಂದರ ಗುರುವನ್ನು ದೂರದೂರದ ಓದುಗರಿಗೆ ಪರಿಚಯಿಸಿತು.

ಇಲ್ಲಿ ಸಂಶೋಧನೆಯ ದೃಷ್ಟಿಯಿಂದ ತೊಡಕೊಂದು ಉಳಿಯುತ್ತದೆ. ಗುರುವಿನ ಆಡುಮಾತಿನ ಮರಾಠಿಯು ಫ್ರೀಡ್‌ಮನ್ ಅವರ ಇಂಗ್ಲಿಷಿನಲ್ಲಿ ಖಚಿತವಾದ, ಬಿಗಿಯಾದ ವಾಕ್ಯಗಳಾಗಿ ಮಾರ್ಪಟ್ಟಿದೆ. ಎಲ್ಲಿ ಗುರುವಿನ ಮಾತು ಮುಗಿದು ಅನುವಾದಕನ ಮಾತು ಆರಂಭವಾಗುತ್ತದೆ ಎಂಬುದನ್ನು ಅನುವಾದವೊಂದರಿಂದಲೇ ಗುರುತಿಸಲಾಗದು. ತನ್ನನ್ನು ಮರೆಮಾಡಿಕೊಳ್ಳುವ ಅನುವಾದಕನು ಒಂದು ಅರ್ಥದಲ್ಲಿ ಎಲ್ಲ ಸಾಲುಗಳಲ್ಲಿಯೂ ಹರಡಿಕೊಂಡಿರುತ್ತಾನೆ. ಸಂಕಲ್ಪವು ಎಷ್ಟೇ ನಿರ್ಮಲವಾಗಿದ್ದರೂ ಭಾಷೆಯಿಂದ ತನ್ನ ಗುರುತನ್ನು ಪೂರ್ತಿಯಾಗಿ ಅಳಿಸಿಹಾಕಲು ಯಾವ ಬರಹಗಾರನಿಗೂ ಆಗದು. ಫ್ರೀಡ್‌ಮನ್ ಅವರ ಸಾಧನೆಗೆ ಇದು ಕುಂದಲ್ಲ. ಆದರೆ ಆ ಕೃತಿಯನ್ನು ಅಭ್ಯಸಿಸುವವರು ಇದನ್ನು ಮರೆಯುವಂತಿಲ್ಲ.

1976ರಲ್ಲಿ ಮುಂಬಯಿಯಲ್ಲಿ ಫ್ರೀಡ್‌ಮನ್ ಅವರು ನಿಧನರಾದರು. ಕೊನೆಯ ಗಳಿಗೆಯಲ್ಲಿ ನಿಸರ್ಗದತ್ತರು ಅವರ ಹಾಸಿಗೆಯ ಪಕ್ಕದಲ್ಲಿದ್ದರು.

ಸಮಾರೋಪ

ಫ್ರೀಡ್‌ಮನ್ ಅವರು ಗುರುವಿನಿಂದ ಗುರುವಿಗೆ ಅಲೆದರೆಂಬ ಟೀಕೆಗೆ ಅವಕಾಶವಿದೆ. ಕೃಷ್ಣಮೂರ್ತಿ, ರಮಣ, ರಾಮದಾಸ, ಗಾಂಧೀಜಿ, ನಿಸರ್ಗದತ್ತ ಇವರ ದಾರಿಗಳು ಒಂದೇ ಅಲ್ಲ. ಆದರೆ ಅವರು ಒಯ್ದ ಪ್ರಶ್ನೆ ಬದಲಾಗಲಿಲ್ಲ: ಕೆಲಸವನ್ನು ಬಿಡದೆ ಕೆಲಸದೊಳಗಿನ ನಾನು ಎಂಬುದನ್ನು ಬಿಡುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ಉತ್ತರವನ್ನು ಬರಹದಲ್ಲಿ ಹುಡುಕುವುದಕ್ಕಿಂತ ಬದುಕಿನಲ್ಲಿ ಹುಡುಕುವುದು ಉಚಿತ. ಹುದ್ದೆಯನ್ನು ಬಿಟ್ಟರು, ಕಾವಿಯನ್ನು ತೊಟ್ಟು ಕಳಚಿದರು, ತಾವು ಮಾಡಿದ ಕೆಲಸದ ಮೇಲೆ ಹೆಸರಿನ ಹಕ್ಕನ್ನು ಸಾಧಿಸಲಿಲ್ಲ. ದುಡಿಮೆಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಲುಝ್ಝಾತ್ತೋ ಅವರ ಏಣಿಯಲ್ಲಿ ವಿರಕ್ತಿಯ ಮೇಲೆ ಶುದ್ಧಿ ಇರುವುದೂ ಶರಣರು ಕಾಯಕವನ್ನು ಪೂಜೆಗಿಂತ ಕೆಳಗಿಡದಿರುವುದೂ ಈ ಬದುಕಿನ ಎರಡು ಬದಿಗಳಲ್ಲಿ ನಿಂತು ಅದನ್ನು ಬೆಳಗಿಸುತ್ತವೆ. ಯಹೂದಿ ಅನುಭಾವವನ್ನೂ ಕನ್ನಡದ ಅನುಭಾವವನ್ನೂ ತೌಲನಿಕವಾಗಿ ಅಭ್ಯಸಿಸಬಯಸುವವರಿಗೆ ಗ್ರಂಥಗಳ ಹೋಲಿಕೆಯಷ್ಟೇ ಪ್ರಯೋಜನಕರವಾದ ಆರಂಭಬಿಂದುವೊಂದು ಈ ಜೀವನದಲ್ಲಿದೆ. ಅದರ ಒಂದು ತುದಿ ವಾರ್ಸಾದಲ್ಲಿದ್ದರೆ ಇನ್ನೊಂದು ತುದಿ ಇಂಚಗೇರಿಯ ಗುರುಪರಂಪರೆಯನ್ನು ಮುಟ್ಟುತ್ತದೆ. ನಡುವಿನ ಮುಖ್ಯವಾದ ಗಂಟು ಬಿದ್ದಿರುವುದು ಬೆಂಗಳೂರಿನ ಆ ವಿದ್ಯುತ್ ಕಾರ್ಖಾನೆಯಲ್ಲಿ.